ಅಪ್ಪ ಒರಗಿದ ಗೋಡೆ

ಊರಿನ ಮನೆಮನೆಗೂ ಹೋಗಿ ಕರೆಂಟ್ ಮೀಟರ್ ಓದಿ ಬಿಲ್ ಹರಿದು ಕೊಡುವವನಿಗೆ ತನ್ನ ಮನೆಯ ಮೀಟರ್ ಕಡೆ ಕಣ್ಣೆತ್ತಿ ನೋಡಲು ಧೈರ್ಯವಿರಲಿಲ್ಲ. ಕಚೇರಿಯಲ್ಲಿ ಅವನ ಹೆಸರೇ ‘ಯೂನಿಟ್ಟು’. ಬಿಲ್ ಕಂಡು ಬಾಯಿ ಬಡಿದುಕೊಳ್ಳುವವರಿಗೆ “ಫ್ರಿಜ್ ಬಾಗಿಲು ಸರಿಯಾಗಿ ಹಾಕಿ ಅಮ್ಮಾ” ಎಂದು ಬುದ್ಧಿ ಹೇಳುವ ಇದೇ ಮಹಾನುಭಾವ, ಹಿಂದಿನ ಕೋಣೆಯಲ್ಲಿ ಬಿಟ್‌ಕಾಯಿನ್ ಮೈನಿಂಗ್ ಯಂತ್ರ ತಂದು ಕೂರಿಸಿದ್ದ. ಹಗಲಿರುಳು ಲೆಕ್ಕ ಬಿಡಿಸಿ ನಾಣ್ಯದ ಚೂರುಪಾರು ಗಳಿಸುವ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ. ಕಲ್ಲೇಟು ತಿಂದ ಜೇನುಗೂಡಿನಂತೆ ಸದಾ ಗುಂಯ್‌ಗುಡುತ್ತಿತ್ತು. ಮೂರು ತಿಂಗಳಲ್ಲಿ ಅದು ನೂರು ದುಡಿದಿದ್ದರೆ ನೂರೈವತ್ತರ ಕರೆಂಟು ನುಂಗಿತ್ತು. ‘ಬೆಲೆ ಏರುತ್ತೆ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿದ್ದನ್ನೆಲ್ಲ ಇಷ್ಟು ಸಲೀಸಾಗಿ ನಂಬುವ ಗಿರಾಕಿ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಲಾಭವಾದದ್ದು ಅಪ್ಪ ಒಬ್ಬರಿಗೇ. ಯಂತ್ರಕ್ಕೆ ಹೋಗುವ ಹಳೆಯ ವೈರು ಅವರ ಕೋಣೆಯ ಹಲಗೆಗೋಡೆಯೊಳಗಿಂದ ಹಾದಿತ್ತು. ಗೋಡೆ ಬೆಚ್ಚಗಾಗಿದೆ ಎಂದು ಮೊದಲು ಕಂಡುಹಿಡಿದವರೂ ಅವರೇ. ಮಂಚ ಎಳೆಸಿ, ಗೋಡೆಗೆ ಸೊಂಟ ಆನಿಸಿ ಮಲಗತೊಡಗಿದರು.

“ಇಷ್ಟು ವರ್ಷ ಮುಲಾಮು ಹಚ್ಚಿದ್ದೆಲ್ಲ ದಂಡ ಕಣೋ. ನಿನ್ನ ಪೆಟ್ಟಿಗೆ ನನ್ನ ಸೊಂಟಕ್ಕಾದ್ರೂ ಬಂತು.”

“ಯಂತ್ರದ ಬಿಸಿ ಅಪ್ಪಾ. ಪುಕ್ಕಟೆ!” ಮಗ ಎದೆಯುಬ್ಬಿಸಿದ. ಯಂತ್ರವಿರುವುದು ಆ ಗೋಡೆಯಿಂದ ಎರಡು ಕೋಣೆ ಆಚೆ ಎಂಬುದು ತಲೆಗೆ ಹೊಳೆಯಲಿಲ್ಲ.

ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಹೋದಾಗಲೆಲ್ಲ ಗೋಡೆ ತಣ್ಣಗಾಗಿ ಅಪ್ಪ ಗೊಣಗುತ್ತಿದ್ದರು. ಅವನು ದಪ್ಪ ತಂತಿ ಸುತ್ತಿ ಫ್ಯೂಸಿನ ಬಾಯಿ ಮುಚ್ಚಿಸಿದ.

ಒಂದು ಭಾನುವಾರ ಮಧ್ಯಾಹ್ನ ಕಚೇರಿಯ ಲೈನ್‌ಮನ್ ತನ್ನ ಏಣಿ ಒಯ್ಯಲು ಬಂದ. ಅಪ್ಪನನ್ನು ಮಾತಾಡಿಸಲು ಒಳಗೆ ಹೋದವನು ಮೂಗರಳಿಸಿ ನಿಂತ.

“ಏನೋ ಯೂನಿಟ್ಟು, ಮೀನು ಸೀದ ವಾಸನೆ?”

“ಇವತ್ತು ಒಲೇನೇ ಹಚ್ಚಿಲ್ಲವಲ್ಲ ಅಣ್ಣಾ.”

ಲೈನ್‌ಮನ್ ಗೋಡೆ ಮುಟ್ಟಿ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಹೊರಗೆ ಹೋಗಿ ಫ್ಯೂಸ್ ನೋಡಿದ. ಮುಖ ಕಪ್ಪಿಟ್ಟಿತು.

“ಮೀನಲ್ಲ ಕಣೋ, ಗೋಡೆಯೊಳಗೆ ವೈರು ಸುಡ್ತಿದೆ. ಮೈನ್ ಆಫ್ ಮಾಡು.”

“ಎರಡೇ ದಿನ ಅಣ್ಣಾ. ಇನ್ನೊಂದು ಚೂರು ಸೇರಿದ್ರೆ ದುಡ್ಡು ಕೈಗೆ ಬರುತ್ತೆ.”

“ಊರ ಮೀಟರೆಲ್ಲ ಓದ್ತೀಯ, ನಿಮ್ಮಪ್ಪ ಕೆಂಡಕ್ಕೆ ಒರಗಿದ್ದು ಕಾಣಲ್ವೇನೋ? ಎಬ್ಬಿಸು ಮೊದಲು!” ಮೈನ್ ಸ್ವಿಚ್ಚನ್ನು ಲೈನ್‌ಮನ್ನೇ ಎಳೆದ.

ಗುಂಯ್‌ಗುಟ್ಟುವುದು ನಿಂತಿತು. ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಮೇಲೆ ಮೊದಲ ಸಲ ಮನೆ ಸ್ತಬ್ಧವಾಯಿತು. ಆಗ ಕೇಳಿಸಿತು, ಹಲಗೆಯೊಳಗಿನ ಚಿಟಚಿಟ ಸದ್ದು, ಯಾವುದೋ ಹುಳ ಮರ ಕೊರೆಯುತ್ತಿರುವ ಹಾಗೆ.

ಮಗ ಒಳಗೆ ಓಡಿ ಅಪ್ಪನ ಭುಜ ಹಿಡಿದ. “ಬಿಡೋ ಲೋ! ಇವತ್ತೇ ಚೆನ್ನಾಗಿ ಕಾದಿದೆ,” ಎಂದು ಅಪ್ಪ ರಗ್ಗನ್ನು ಬಿಗಿಯಾಗಿ ಹೊದ್ದುಕೊಂಡರು.

ಅವನು ರಗ್ಗಿನ ಸಮೇತ ಅವರನ್ನು ಬಾಚಿ ಎತ್ತಿಕೊಂಡ. ಹೊಸ್ತಿಲು ದಾಟುತ್ತ ಹಿಂತಿರುಗಿ ನೋಡಿದ. ಕರೆಂಟಿಲ್ಲದ ಆ ಗೋಡೆಯಲ್ಲಿ, ಅಪ್ಪನ ಬೆನ್ನಿದ್ದ ಜಾಗದಲ್ಲೇ, ಅಂಗೈಯಗಲದ ಕಪ್ಪು ಮಚ್ಚೆಯೊಂದು ಮೂಡಿತ್ತು. ಅದು ಮೆಲ್ಲಗೆ ಅಗಲವಾಗುತ್ತಿತ್ತು.