ಕ್ಯಾಪ್ಟನ್ ಉರಾಬೆಗೆ ಕಣ್ಣು ಕಾಣುತ್ತಿತ್ತೇ?

ಒಸಾಕಾದ ನಿಪ್ಪೊಂಬಾಶಿಯಲ್ಲಿ ಮೈ ಒತ್ತಿಸಿಕೊಳ್ಳಲು ಹಮಾಗುಚಿ ಮಿತ್ಸುರುವಿನ ಮಂಚದ ಮೇಲೆ ಬೋರಲು ಮಲಗಿದವರು ಕ್ಯಾಪ್ಟನ್ ಉರಾಬೆಯ ವಿಷಯದಲ್ಲಿ ಎದುರಾಡುವಂತಿರಲಿಲ್ಲ. ಎದುರಾಡಿದರೆ ಅವನ ಹೆಬ್ಬೆರಳು ಭುಜದೊಳಕ್ಕೆ ಇನ್ನಷ್ಟು ಇಳಿಯುತ್ತಿತ್ತು.

"ಉರಾಬೆಗೆ ಕಣ್ಣು ಕಾಣಲ್ಲ. ಹೌದೋ ಅಲ್ವೋ?"

"ಹೌದು ಸೆನ್ಸೆ, ಹೌದು! ಸುತರಾಂ ಕಾಣಲ್ಲ! ಸ್ವಲ್ಪ ಮೆಲ್ಲಗೆ!"

ಹೀಗೆ ಮಿತ್ಸುರು ಅರ್ಧ ಬೀದಿಯನ್ನೇ ತನ್ನ ಪಕ್ಷಕ್ಕೆ ಎಳೆದುಕೊಂಡಿದ್ದ. ಬೀದಿಯವರಿಗೆಲ್ಲ ಅವನು 'ಸೆನ್ಸೆ', ಎಂದರೆ ಗುರುಗಳು. ಬೀದಿಯ ತುಂಬ ಆಟಿಕೆ ರೋಬೋಟು, ಕಾಮಿಕ್ಸು, ಹಳೆಯ ವಿಡಿಯೊ ಗೇಮುಗಳ ಅಂಗಡಿಗಳು. ದಿನವಿಡೀ ಕತ್ತು ಬಗ್ಗಿಸಿ ಕೂರುವ ಜನ. ಅವರ ಭುಜಗಳಿಗೂ ಇವನ ಹೆಬ್ಬೆರಳಿಗೂ ಋಣಾನುಬಂಧ. ಬಂದವರು ಬಾಯಿ ತೆರೆಯುವ ಮೊದಲೇ, ಕತ್ತಿನ ಗಂಟು ಮುಟ್ಟಿ, ಯಾವ ಅಂಗಡಿಯವರೆಂದು ಹೇಳಿಬಿಡುತ್ತಿದ್ದ.

ಮಿತ್ಸುರು ಎಂಟನೆಯ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಕಳೆದುಕೊಂಡವನು. ಅಪ್ಪ ಅವನನ್ನು ಅಂಧಮಕ್ಕಳ ಶಾಲೆಯ ವಸತಿಗೃಹಕ್ಕೆ ಸೇರಿಸಿದ. ಸೇರಿದ ಹೊಸದರಲ್ಲಿ ಒಂದು ಸಂಜೆ ಗೇಟು ದಾಟಿ ರಸ್ತೆಯ ಅಂಚಿಗೆ ಬಂದು, ಪಕ್ಕದಲ್ಲಿ ಯಾರೋ ನಿಂತಿದ್ದಾರೆಂದು ಅನ್ನಿಸಿ, "ಮುಂದೆ ಏನು ಕಾಣ್ತಿದೆ?" ಎಂದು ಕೇಳಿದ್ದ. ನಿಂತಿದ್ದವರು ಉತ್ತರ ಕೊಡಲಿಲ್ಲ. ಉಸಿರಾಟ ಮಾತ್ರ ಕೇಳಿಸಿತು, ಆಮೇಲೆ ದೂರವಾಗುವ ಹೆಜ್ಜೆಗಳು. ಕೇಡು ಬಗೆದವರೇನಲ್ಲ, ಏನು ಹೇಳಬೇಕೆಂದು ತೋಚದೆ ಹೋದವರಿರಬೇಕು. ಆದರೆ ಆ ಮೌನ ಹುಡುಗನ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವನು ಆ ಮಾತನ್ನು ಯಾರನ್ನೂ ಕೇಳಲಿಲ್ಲ. ಕೋಲು ತಟ್ಟುತ್ತ, ಈಗ ರಸ್ತೆ ದಾಟಬಹುದೆಂದು ಸಿಗ್ನಲ್ ಕಂಬ ಹೊರಡಿಸುವ ಹಕ್ಕಿ ಸದ್ದಿಗೆ ಕಿವಿಗೊಡುತ್ತ, ಊರೆಲ್ಲ ಒಬ್ಬನೇ ತಿರುಗಿದ.

ಅದೇ ವರ್ಷ ಟೀವಿಯಲ್ಲಿ 'ಮಿಚಿಶಿಯೊ' ಶುರುವಾಯಿತು. ಅದು ಅದೇ ಹೆಸರಿನ ಬಾಹ್ಯಾಕಾಶದ ಹಡಗೊಂದರ ಕಾರ್ಟೂನು ಧಾರಾವಾಹಿ. ವಸತಿಗೃಹದ ಮಕ್ಕಳೆಲ್ಲ ಟೀವಿಯ ಮುಂದೆ ಕಿವಿ ಚಾಚಿ ಕೂರುತ್ತಿದ್ದರು. ಪ್ರತಿ ಕಂತಿನಲ್ಲೂ ಹಡಗು ಹೊರಡುವ ಮುನ್ನ ಕ್ಯಾಪ್ಟನ್ ಉರಾಬೆ ತನ್ನ ಚಾಲಕ ಸೇರಾನನ್ನು ಕೇಳುತ್ತಿದ್ದ: "ಸೇರಾ, ಮುಂದೆ ಏನು ಕಾಣ್ತಿದೆ?" ಸೇರಾ ಹೇಳುತ್ತಿದ್ದ: "ನಕ್ಷತ್ರ ಬಿಟ್ರೆ ಬೇರೇನಿಲ್ಲ, ಕ್ಯಾಪ್ಟನ್. ನೇರ ಹೋಗಬಹುದು."

ಮೊದಲ ಸಲ ಅದನ್ನು ಕೇಳಿದಾಗ ಮಿತ್ಸುರುವಿನ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಹಡಗನ್ನು ನಡೆಸುವ ಮನುಷ್ಯ ತನ್ನದೇ ಪ್ರಶ್ನೆ ಕೇಳುತ್ತಿದ್ದಾನೆ! ಮೇಲಾಗಿ ಅವನಿಗೆ ಉತ್ತರವೂ ಸಿಗುತ್ತಿದೆ! ಅಂದರೆ ಕ್ಯಾಪ್ಟನ್‌ಗೂ ಕಣ್ಣು ಕಾಣುವುದಿಲ್ಲ. ಅವನು ಕಪ್ಪು ಕನ್ನಡಕ ತೆಗೆಯುವುದೇ ಇಲ್ಲವೆಂದು ವಸತಿಗೃಹದ ಅಡುಗೆಯವಳು ಹೇಳಿದ ಮೇಲಂತೂ ಮಾತು ಮುಗಿಯಿತು. ಸುಗೀಯಾ ಎಂಬ ಕಲಾವಿದ ಉರಾಬೆಗೆ ದನಿ ಕೊಡುತ್ತಿದ್ದ. ಎದೆಯ ಆಳದಿಂದ ಬರುವ, ತುಸು ಒರಟಾದ ದನಿ. ಪಾಠ ಕಲಿತದ್ದು, ಮೈ ಒತ್ತುವ ಕೆಲಸ ಕಲಿತದ್ದು, ಅಪ್ಪ ತೀರಿಕೊಂಡಾಗ ಅಳದೆ ನಿಂತದ್ದು, ಎಲ್ಲ ಆ ದನಿಯನ್ನು ಕಿವಿಯಲ್ಲಿ ಇಟ್ಟುಕೊಂಡೇ. ಉಳಿದವರಿಗೆ ಉರಾಬೆಯ ಮುಖವಿತ್ತು, ಟೋಪಿಯಿತ್ತು, ಕೆಂಪು ಕೋಟಿತ್ತು. ಮಿತ್ಸುರುವಿಗೆ ಇದ್ದದ್ದು ದನಿಯೊಂದೇ.

ಬೀದಿಯ ಕೊನೆಯ ಕಾಫಿ ಅಂಗಡಿಯಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಮಿಚಿಶಿಯೊ ಅಭಿಮಾನಿಗಳು ಸೇರುತ್ತಿದ್ದರು. ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ, ಹಣ್ಣಿನ ಮಿಕ್ಸ್ ಜ್ಯೂಸು, ಅದರ ಮೇಲೆ ಜಗಳ. ಮಿತ್ಸುರುವಿನ ಖಾಯಂ ಎದುರಾಳಿ ಒಕುಮುರಾ ಫುಸಾಯೆ. ಅವಳು ಪ್ರವಾಸಿ ಬಸ್ಸುಗಳಲ್ಲಿ ಬಾವುಟ ಹಿಡಿದು, ಮೈಕಿನಲ್ಲಿ ಹಾಡಿ, ಜನರಿಗೆ ಊರು ತೋರಿಸಿ ನಿವೃತ್ತಳಾದವಳು. ಒಬ್ಬ ಪ್ರಯಾಣಿಕನನ್ನೂ ದಾರಿ ತಪ್ಪಿಸಿದವಳಲ್ಲವೆಂಬುದು ಅವಳ ಹೆಮ್ಮೆ. ಆ ಹೆಮ್ಮೆಯನ್ನು ಕೇಳದೆ ಇದ್ದವರು ಆ ಅಂಗಡಿಯಲ್ಲಿ ಯಾರೂ ಇರಲಿಲ್ಲ.

"ಹಮಾಯಾನ್, ಕುರುಡ ಆಗಿದ್ರೆ ಅಷ್ಟು ದೂರದ ಹಡಗಿಗೆ ಗುರಿಯಿಟ್ಟು ಹೊಡೆದದ್ದು ಹೇಗೆ?" ಎಂದು ಫುಸಾಯೆ ಶುರುಮಾಡುತ್ತಿದ್ದಳು. ಹಮಾಯಾನ್ ಎಂದರೆ ಒಸಾಕಾದ ಸಲಿಗೆಯಲ್ಲಿ ಹಮಾಗುಚಿ.

"ಸದ್ದು ಕೇಳಿ ಹೊಡೆದ."

"ಬಾಹ್ಯಾಕಾಶದಲ್ಲಿ ಸದ್ದು ಎಲ್ಲಿಂದ ಬರುತ್ತೋ ಮಾರಾಯ?"

"ಆ ಧಾರಾವಾಹಿ ತುಂಬ ಢಂ ಢಂ ಅಂತಿರುತ್ತಲ್ಲಕ್ಕ! ನಿನ್ನ ಕಿವಿ ಎಲ್ಲಿ ಅಡವಿಟ್ಟಿದ್ದೀಯ?"

ಅಂಗಡಿಯ ಯಜಮಾನನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಅವನು ತಣ್ಣೀರಿನ ಲೋಟ ಇಡುತ್ತ, "ಇಬ್ಬರೂ ಗಂಟಲು ತೊಳ್ಕೊಳ್ಳಿ, ಪಕ್ಕದ ಮೇಜಿನೋರು ಎದ್ದು ಹೋದ್ರು" ಎನ್ನುತ್ತಿದ್ದ. ಅವರಿಬ್ಬರಿಗೂ ಈ ಜಗಳವೇ ತಿಂಗಳ ಹಬ್ಬ. ಇಬ್ಬರಲ್ಲಿ ಒಬ್ಬರಿಗೆ ನೆಗಡಿಯಾದರೆ ಇನ್ನೊಬ್ಬರಿಗೆ ಟೋಸ್ಟು ಸಪ್ಪೆಯಾಗುತ್ತಿತ್ತು.

ಹೀಗಿರುವಾಗ ಸುಗೀಯಾ ತೀರಿಕೊಂಡ. ವರ್ಷ ತುಂಬುವುದರೊಳಗೆ ಸುದ್ದಿ ಬಂತು: ಮಿಚಿಶಿಯೊ ಹೊಸ ಚಿತ್ರವಾಗಿ ಬರುತ್ತಿದೆ, ಉರಾಬೆಗೆ ಆರಿಮಾ ಎಂಬ ಹುಡುಗನ ದನಿ. ಕಾಫಿ ಅಂಗಡಿಗೆ ಬೆಂಕಿ ಬಿದ್ದಂತಾಯಿತು.

"ಆರಿಮಾ ತುಂಬಾ ಚೆನ್ನಾಗಿ ಮಾತಾಡ್ತಾರೆ ಸೆನ್ಸೆ, ಒಂದು ಸಲ ಕೇಳಿ ನೋಡಿ" ಎಂದಳು ನಾಗಿಸಾ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಆ ಹುಡುಗಿ ಗುಂಪಿಗೆ ಹೊಸಬಳು. ಆರಿಮಾನ ಕಟ್ಟಾ ಅಭಿಮಾನಿ.

"ಕೇಳಲ್ಲ."

"ಯಾಕೆ?"

"ನಿಮ್ಮ ಉರಾಬೆ ಪರದೆ ಮೇಲೆ ಹಾಗೇ ಇರ್ತಾನಮ್ಮ. ಅದೇ ಮೂಗು, ಅದೇ ಕೋಟು. ನನ್ನ ಉರಾಬೆಯನ್ನ ಮೊನ್ನೆ ಸುಟ್ಟು ಬಂದ್ರು. ಈಗ ಯಾರೋ ಬಂದು ನಾನೇ ಉರಾಬೆ ಅಂದ್ರೆ ನಾನು ಒಪ್ಪಬೇಕಾ?"

ಅದು ಬರೀ ಹಟವಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಆ ದನಿ ಸುಳ್ಳೆನಿಸಿದರೆ ಬಾಲ್ಯದಿಂದ ಜೊತೆಗಿದ್ದವನು ಎರಡನೆಯ ಸಲ ಸಾಯುತ್ತಾನೆ. ಆಮೇಲೆ ಕಿವಿಯಲ್ಲಿ ಹಳೆಯ ದನಿಯೂ ಉಳಿಯಲಾರದು. ಮಿತ್ಸುರುವಿಗೆ ಇದ್ದ ಭಯ ಅದು.

ಫುಸಾಯೆಗೂ ಅದು ಅರ್ಥವಾಗಿತ್ತು. ಆದರೆ ಸಮಾಧಾನ ಹೇಳುವುದು ಅವಳ ಜಾಯಮಾನವಲ್ಲ. ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಹೇಳಿದಳು: "ಬರದಿದ್ರೆ ಬಿಡು. ಈ ಚಿತ್ರದಲ್ಲಿ ಉರಾಬೆಯ ಹಳೇ ಕಥೆಯೆಲ್ಲ ಹೊರಬರುತ್ತಂತೆ. ಕನ್ನಡಕ ತೆಗೀತಾನಂತೆ. ನಾನು ಹೋಗಿ ನೋಡ್ಕೊಂಡು ಬಂದು ನಿನಗೆ ಹೇಳ್ತೀನಿ, ಕಣ್ಣು ಕಾಣುತ್ತೋ ಇಲ್ವೋ ಅಂತ. ನಾನು ಹೇಳಿದ್ದನ್ನ ನೀನು ನಂಬಬೇಕು ಅಷ್ಟೆ."

ಮಿತ್ಸುರುವಿನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಇಷ್ಟು ವರ್ಷದ ವ್ಯಾಜ್ಯದ ತೀರ್ಪು ಎದುರಾಳಿಯ ಬಾಯಿಂದ ಬರುವುದೇ? ಅದಕ್ಕಿಂತ ಸಾವು ವಾಸಿ.

"ಬರ್ತೀನಿ. ಆದರೆ ಬಾಯಿ ಹೊಲ್ಕೊಂಡು ಕೂರ್ತೀನಿ."

ಆ ಮಾತಿಗೂ ಕಾರಣವಿತ್ತು. ಜಪಾನಿನ ಚಿತ್ರಮಂದಿರದಲ್ಲಿ ಜನ ಕೆಮ್ಮುವುದಕ್ಕೂ ಹಿಂಜರಿಯುತ್ತಾರೆ. ಜೋಳದ ಅರಳನ್ನೂ ಸದ್ದಾಗದಂತೆ ಅಗಿಯುತ್ತಾರೆ. ಆದರೆ ಅಭಿಮಾನಿಗಳಿಗೆಂದೇ 'ಕೂಗು ಪ್ರದರ್ಶನ'ಗಳಿರುತ್ತವೆ. ಅಲ್ಲಿ ಬಣ್ಣದ ದೀಪದ ಕಡ್ಡಿಗಳನ್ನು ಬೀಸಬಹುದು, ಖಳನಾಯಕನನ್ನು ಬಯ್ಯಬಹುದು, ಕ್ಯಾಪ್ಟನ್‌ಗೆ ಉತ್ತರ ಕೊಡಬಹುದು. ಫುಸಾಯೆ ಮೊಬೈಲಿನಲ್ಲಿ ಕಾದಿರಿಸಿದ್ದು ಅಂಥ ಪ್ರದರ್ಶನದ ಟಿಕೆಟ್ಟು. ಉರಾಬೆ ಪ್ರಶ್ನೆ ಕೇಳಿದಾಗ ಇಡೀ ಸಭಾಂಗಣ "ನಕ್ಷತ್ರ ಬಿಟ್ರೆ ಬೇರೇನಿಲ್ಲ" ಎಂದು ಕೂಗುತ್ತದೆ, ತಾನೊಬ್ಬ ಮಾತ್ರ ಆ ನಕಲಿಗೆ ತುಟಿ ಬಿಚ್ಚುವುದಿಲ್ಲವೆಂದು ಮಿತ್ಸುರು ತೀರ್ಮಾನಿಸಿದ.

ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಸಾವಿನ ಮನೆಗೆ ಹೊರಟಂತೆ ಮುಖ ಗಂಟಿಕ್ಕಿದ್ದ, ಆದರೆ ಎದೆ ಮಾತ್ರ ಹಬ್ಬದ ಹುಡುಗನ ಹಾಗೆ ಹೊಡೆದುಕೊಳ್ಳುತ್ತಿತ್ತು. ಚಿತ್ರಮಂದಿರದಲ್ಲಿ ಕೂತ ಮೇಲೆ ಫುಸಾಯೆ ಅದೇಕೋ ಗಪ್‌ಚಿಪ್ಪಾದಳು. ಚೀಲದ ಜಿಪ್ಪು ತೆಗೆದದ್ದು, ದೀಪದ ಕಡ್ಡಿಗಳು ಲಟಪಟ ಎಂದದ್ದು, ಮತ್ತೆ ಜಿಪ್ಪು ಎಳೆದದ್ದು ಮಿತ್ಸುರುವಿಗೆ ಕೇಳಿಸಿತು.

"ಏನಕ್ಕ, ದೀಪ ಒಳಗಿಟ್ಟೆ?"

"ಏನಿಲ್ಲ. ಕೂತ್ಕೋ. ಬಾಯಿ ಹೊಲ್ಕೊಂಡಿದ್ದೀಯ ತಾನೇ?"

"ಹೊಲ್ಕೊಂಡಿದ್ದೀನಿ."

"ಹಾಗಾದ್ರೆ ಸರಿ."

ಚಿತ್ರ ಶುರುವಾಯಿತು. ಮೊದಲ ಯುದ್ಧದಲ್ಲೇ ಚಾಲಕ ಸೇರಾ ಸತ್ತ. ಆಮೇಲೆ ಉರಾಬೆ ಬಾಯಿ ತೆರೆದ. ಮಿತ್ಸುರು ಮುಷ್ಟಿ ಬಿಗಿದ. ದನಿ ತೆಳುವಾಗಿತ್ತು, ಎಳಸಾಗಿತ್ತು, ಒರಟೇ ಇರಲಿಲ್ಲ. ಇವನಲ್ಲ, ಇವನಲ್ಲವೇ ಅಲ್ಲ ಎಂದುಕೊಂಡ. ಎದ್ದು ಹೋಗೋಣವೆನ್ನಿಸಿತು. ಆದರೆ ಕನ್ನಡಕದ ತೀರ್ಪು ಬಾಕಿಯಿತ್ತಲ್ಲ! ಹಲ್ಲು ಕಚ್ಚಿ ಕೂತ.

ಚಿತ್ರ ಕೊನೆಗೆ ಬಂತು. ಹಡಗು ಜಖಂಗೊಂಡಿದೆ, ಜೊತೆಗಾರರೆಲ್ಲ ಬೇರೆ ದೋಣಿಯಲ್ಲಿ ಪಾರಾಗಿದ್ದಾರೆ, ಉರಾಬೆ ಒಬ್ಬನೇ. ಸಂಗೀತ ನಿಂತಿತು. ಏನೋ ಟಕ್ಕೆಂದು ಮೇಜಿನ ಮೇಲೆ ಇಟ್ಟ ಸದ್ದು.

ಫುಸಾಯೆ ಅವನ ಕಿವಿಗೆ ಬಾಗಿ ಪಿಸುಗುಟ್ಟಿದಳು: "ಕನ್ನಡಕ ತೆಗೆದ! ಹಮಾಯಾನ್, ತೆಗೆದೇಬಿಟ್ಟ! ಈಗ ತಿರುಗ್ತಾನೆ... ಥೂ! ಬೆನ್ನು ತೋರಿಸ್ಕೊಂಡು ನಿಂತ್ಬಿಟ್ಟನಲ್ಲೋ ಕರ್ಮದೋನು!"

ಆಗ ಉರಾಬೆ ಕೇಳಿದ: "ಸೇರಾ, ಮುಂದೆ ಏನು ಕಾಣ್ತಿದೆ?"

ಸುಗೀಯಾ ಅದನ್ನು ಅಪ್ಪಣೆಯಂತೆ ಕೇಳುತ್ತಿದ್ದ. ಈ ಹುಡುಗ ಹಾಗೆ ಕೇಳಲಿಲ್ಲ. ಉತ್ತರ ಬಾರದಿದ್ದರೆ ಒಂದು ಹೆಜ್ಜೆಯೂ ಇಡಲಾರದವನು ಕೇಳುವಂತೆ ಕೇಳಿದ. ಪರದೆಯ ಮೇಲೆ ಉತ್ತರಿಸುವವನಿರಲಿಲ್ಲ. ಸೇರಾ ಸತ್ತಿದ್ದ. ಉರಾಬೆಯ ಉಸಿರಾಟವೊಂದೇ ಕೇಳಿಸುತ್ತಿತ್ತು. ಸಭಾಂಗಣವೂ ಸುಮ್ಮನಿತ್ತು. ಇಷ್ಟು ಜನ ಅಭಿಮಾನಿಗಳಿದ್ದೂ ಒಬ್ಬರೂ ಕೂಗಲಿಲ್ಲವೇಕೆ?

ಆ ಮೌನ ಮಿತ್ಸುರುವಿಗೆ ಪರಿಚಿತವಾಗಿತ್ತು. ಶಾಲೆಯ ಗೇಟಿನಾಚೆ, ರಸ್ತೆಯ ಅಂಚಿನಲ್ಲಿ, ಎಂಟು ವರ್ಷದ ಹುಡುಗನೊಬ್ಬ ಕೇಳಿ ಕಾದಿದ್ದ ಮೌನ. ಅವನಿಗೆ ತಡೆಯಲಾಗಲಿಲ್ಲ. ಕೋಲು ನೆಲಕ್ಕೆ ಬಿತ್ತು. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ:

"ನಕ್ಷತ್ರ ಬಿಟ್ರೆ ಬೇರೇನಿಲ್ಲ, ಕ್ಯಾಪ್ಟನ್! ನೇರ ಹೋಗಬಹುದು!"

ಫುಸಾಯೆ ಅವನ ಅಂಗಿ ಹಿಡಿದು ಜಗ್ಗಿದಳು. "ಕೂತ್ಕೋ ಹಮಾಯಾನ್! ಇದು ಕೂಗೋ ಪ್ರದರ್ಶನ ಅಲ್ಲ! ನಾನು ತಪ್ಪು ಆಟಕ್ಕೆ ಟಿಕೆಟ್ ತಗೊಂಡಿದ್ದೀನಿ! ನೀನು ಬಾಯಿ ಬಿಡಲ್ಲ ಅಂದೆಯಲ್ಲ, ಅದಕ್ಕೇ ಹೇಳ್ಲಿಲ್ಲ!"

ಸುತ್ತ ಇದ್ದವರು ಉಸಿರು ಬಿಗಿಹಿಡಿದದ್ದು ಮಿತ್ಸುರುವಿಗೆ ಕೇಳಿಸಿತು. ಬಾಗಿಲ ಕಡೆಯಿಂದ ಸಿಬ್ಬಂದಿಯ ಮೆತ್ತನೆಯ ಹೆಜ್ಜೆಗಳು ಹತ್ತಿರ ಬರತೊಡಗಿದವು. ಕೂರಲೂ ಆಗದೆ ನಿಲ್ಲಲೂ ಆಗದೆ ಅವನು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡ.

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಯಾರೋ ವಯಸ್ಸಾದವರು ಗಂಟಲು ಸರಿಪಡಿಸಿಕೊಂಡು, ನಾಚುತ್ತ ನಾಚುತ್ತ, ಆದರೆ ಸ್ಪಷ್ಟವಾಗಿ ಹೇಳಿದರು: "ನಕ್ಷತ್ರ ಬಿಟ್ರೆ ಬೇರೇನಿಲ್ಲ, ಕ್ಯಾಪ್ಟನ್."

ಬಲಗಡೆಯಿಂದ ಒಬ್ಬ ಹೆಂಗಸು. ಮುಂದಿನಿಂದ ಇಬ್ಬರು. ಆಮೇಲೆ ಲೆಕ್ಕ ಸಿಗಲಿಲ್ಲ. ಕೆಮ್ಮಲೂ ಹೆದರುವ ಆ ಸಭ್ಯ ಜನರೆಲ್ಲ ಒಟ್ಟಿಗೆ ಕೂಗಿದರು: "ನೇರ ಹೋಗಬಹುದು!" ಸಿಬ್ಬಂದಿಯ ಹೆಜ್ಜೆಗಳು ಅಲ್ಲೇ ನಿಂತವು. ಅದೇ ಗಳಿಗೆಗೆ ಹಡಗಿನ ಯಂತ್ರ ಗುಡುಗಿತು, ಮಿಚಿಶಿಯೊ ಹೊರಟಿತು. ಮಿತ್ಸುರು ಕುಸಿದು ಕೂತು ಅತ್ತ. ಎಷ್ಟು ಸಂತೋಷವಾಗಿತ್ತೆಂದರೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡದ್ದೂ ಅವನಿಗೆ ತಿಳಿಯಲಿಲ್ಲ.

ಹೊರಗೆ ನಾಗಿಸಾ ಓಡಿಬಂದಳು. ಅವಳು ಪಕ್ಕದ ಸಭಾಂಗಣದಲ್ಲಿ ನಡೆದ ಸರಿಯಾದ ಆಟಕ್ಕೇ ಹೋಗಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. "ಎಲ್ಲಿ ಹೋಗಿದ್ರಿ ಇಬ್ಬರೂ? ಒಳಗೆಲ್ಲ ಹುಡುಕಿದೆ! ಸೆನ್ಸೆ, ಹೊಸ ದನಿ ಹೇಗಿತ್ತು?"

"ಯಾವ ಹೊಸ ದನಿ? ಉರಾಬೆಗೆ ಸ್ವಲ್ಪ ಶೀತ ಆಗಿತ್ತು, ಅಷ್ಟೆ" ಎಂದ ಮಿತ್ಸುರು.

ನಾಗಿಸಾ ಕಟ್ಟಿದ ಗಂಟಲಲ್ಲೇ ಕಿರುಚಿ ಕುಣಿದಳು.

"ಬೆನ್ನು ತೋರಿಸಿದ್ದಕ್ಕೆ ನೀನು ಗೆದ್ದೆ ಅಂದ್ಕೋಬೇಡ" ಎಂದಳು ಫುಸಾಯೆ. "ಕನ್ನಡಕ ತೆಗೆದು ಕಿಟಕಿ ಕಡೆಗೇ ತಿರುಗಿದ. ಕಣ್ಣಿಲ್ಲದೋನು ಕಿಟಕಿ ಕಡೆ ಯಾಕೆ ತಿರುಗ್ತಾನೆ?"

"ಕಣ್ಣಿದ್ದೋನು ಮುಂದೇನಿದೆ ಅಂತ ಸತ್ತೋನನ್ನ ಯಾಕೆ ಕೇಳ್ತಾನೆ? ಅದಿರಲಿ, ಒಬ್ಬ ಪ್ರಯಾಣಿಕನನ್ನೂ ದಾರಿ ತಪ್ಪಿಸಿಲ್ಲ ಅಂತಿದ್ದೆಯಲ್ಲಕ್ಕ?"

"ಮುಚ್ಕೊಂಡು ನಡಿ. ಟೋಸ್ಟ್ ತಿಂತಾ ಮಾತಾಡೋಣ."

ಮೂವರೂ ದಾರಿಯುದ್ದಕ್ಕೂ ಜಗಳವಾಡುತ್ತ ರಸ್ತೆ ದಾಟುವ ಜಾಗಕ್ಕೆ ಬಂದರು. ಮಿತ್ಸುರು ಎಂದಿನಂತೆ ಹಕ್ಕಿ ಸದ್ದಿಗೆ ಕಿವಿಗೊಟ್ಟ. ಹಕ್ಕಿ ಕೂಗತೊಡಗಿತು. ಅವನು ಹೆಜ್ಜೆ ಎತ್ತಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಫುಸಾಯೆಯ ಮೊಣಕೈ ಹುಡುಕಿ ಹಿಡಿದುಕೊಂಡ.

"ಅಕ್ಕ, ಮುಂದೆ ಏನು ಕಾಣ್ತಿದೆ?"

ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಅವಳು ರಸ್ತೆಯ ಆಚೀಚೆ ನೋಡಿದಳು. ಆಮೇಲೆ ಬಸ್ಸಿನ ಮೈಕು ಹಿಡಿದವಳ ಗಟ್ಟಿ ದನಿಯಲ್ಲಿ, ಬೀದಿಯ ಜನ ತಿರುಗಿ ನೋಡುವಂತೆ, ಹೇಳಿದಳು:

"ಸೈಕಲ್ ಬಿಟ್ರೆ ಬೇರೇನಿಲ್ಲ, ಕ್ಯಾಪ್ಟನ್. ನೇರ ಹೋಗಬಹುದು."