ಉಬಾಲ್ದಿನಾಳ ಆರು ನಿಮಿಷ

ಸಾನ್ ರೋಕೆಯಲ್ಲಿ ಒಬ್ಬರನ್ನು ದಾಟಿ ಹೋಗುವಾಗ ಅವರ ತಾಯಿ ಹೇಗಿದ್ದಾರೆಂದು ಕೇಳದಿದ್ದರೆ ಅದು ಬೈಗುಳಕ್ಕಿಂತ ಕಡೆ. ಬೈದರೆ ಸಂಜೆಯೊಳಗೆ ರಾಜಿಯಾಗುತ್ತದೆ. ಕೇಳದೆ ಹೋದರೆ ಮೊಮ್ಮಕ್ಕಳ ಕಾಲಕ್ಕೂ ನೆನಪಿರುತ್ತದೆ. ಈ ಊರಿನ ಚೌಕದಲ್ಲಿ ಮೂವತ್ತೆಂಟು ವರ್ಷ ತಳ್ಳುಗಾಡಿಯಲ್ಲಿ ಅರೆಪಾ ಎಂಬ ಮೆಕ್ಕೆಜೋಳದ ರೊಟ್ಟಿ ಕರಿದು ಮಾರಿದ ಉಬಾಲ್ದಿನಾ ಪಲೊಮಿನೊಗೆ ಎಲ್ಲರ ತಾಯಂದಿರ ಸಕ್ಕರೆ ಕಾಯಿಲೆ, ಮಂಡಿನೋವು ಬಾಯಿಪಾಠ. ತನ್ನದೇ ಹೃದಯ ಸೋತು ಕಾಲು ಬಾತಿದ್ದು ಮಾತ್ರ ಅವಳಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು.

"ಔಷಧಿ ಹಿಡಿಸಿದೆ. ಆರು ನಿಮಿಷದಲ್ಲಿ ಮುನ್ನೂರು ಮೀಟರ್ ನಡೆದ್ರೆ ಗಾಡಿ ತಳ್ಳಬಹುದು. ಇಲ್ದಿದ್ರೆ ಮಾರಿಬಿಡಿ," ಎಂದರು ಡಾಕ್ಟರು.

ಗಾಡಿ ಮಾರಿ ಏನು ಮಾಡುವುದು? ಮನೆಯಲ್ಲಿ ಕೂತು ಗೋಡೆಗೆ 'ನಿನ್ನ ತಾಯಿ ಹೇಗಿದ್ದಾಳೆ' ಎಂದು ಕೇಳುವುದೇ? ಉಬಾಲ್ದಿನಾಳಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಪರೀಕ್ಷೆ ಮಾಡುವವಳು ರಾಜಧಾನಿ ಬೊಗೊಟಾದಿಂದ ಬಂದ ಹಿಮೇನಾ. ಒಳ್ಳೆಯ ಹುಡುಗಿ, ಆದರೆ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆಯೇ ಬೆಳೆದವಳು. ಮೊದಲು ದಿನನಿತ್ಯದ ಕೆಲಸಗಳ ಪಟ್ಟಿ ಹಿಡಿದು ಕೂತಳು.

"ಅಮ್ಮಾ, ಒಂದು ಮಹಡಿ ಹತ್ತಿದ್ರೆ ಉಸಿರು ಕಟ್ಟುತ್ತಾ?"

"ನಮ್ಮೂರಲ್ಲಿ ಮಹಡಿ ಅಂತ ಇರೋದು ಇಗರ್ಜಿ ಗಂಟೆಗೋಪುರ ಒಂದೇ, ಮಗಳೇ. ನಾನೇನು ಗಂಟೆ ಹೊಡೆಯೋಳಾ?"

ಆಮೇಲೆ ಬೆರಳಿಗೆ ನಾಡಿ ಅಳೆಯುವ ಕ್ಲಿಪ್ಪೊಂದು ಸಿಕ್ಕಿಸಿ, ಆಸ್ಪತ್ರೆಯ ಮೂವತ್ತು ಮೀಟರಿನ ಓಣಿಯಲ್ಲಿ ನಡೆಯಲು ಬಿಟ್ಟಳು. ಎರಡೂ ಬದಿಯ ಬೆಂಚುಗಳಲ್ಲಿ ಅರ್ಧ ಊರು ಕೂತಿತ್ತು. ಎದ್ದು ಹೊರಗೆ ಹೋಗಿ ಎಂದರೆ ಒಬ್ಬರೂ ಕದಲಲಿಲ್ಲ. ಪುಕ್ಕಟೆ ತಮಾಷೆ ಬಿಟ್ಟು ಬಿಸಿಲಿಗೆ ಯಾರು ಹೋಗುತ್ತಾರೆ?

ಉಬಾಲ್ದಿನಾ ನಾಲ್ಕು ಹೆಜ್ಜೆಗೊಮ್ಮೆ ನಿಂತಳು. ಕಟುಕನ ತಾಯಿಯ ಕಣ್ಣಿನ ಪೊರೆ, ದೋಣಿಯವನ ತಾಯಿಯ ಹಲ್ಲುಸೆಟ್ಟು, ಎಲ್ಲವನ್ನೂ ವಿಚಾರಿಸಿದಳು. ತನ್ನ ಮಗನ ನಾಮಕರಣದಲ್ಲಿ ಧರ್ಮತಾಯಿಯಾಗಿ ನಿಂತ ಎದುರುಮನೆಯ ಗೆಳತಿ ನಿಕೊಲಾಸಾಳ ಹತ್ತಿರವಂತೂ ಕೂತೇಬಿಟ್ಟಳು.

"ಅಮ್ಮಾ, ಮಾತಾಡಬಾರದು. ಚೆನ್ನಾಗಿ ನಡೀತಿದ್ದೀರಿ, ಇನ್ನು ಎರಡು ನಿಮಿಷ ಇದೆ," ಎಂದಳು ಹಿಮೇನಾ, ಕಾಗದದಲ್ಲಿ ಬರೆದಿದ್ದನ್ನು ಓದುತ್ತಾ.

"ಅವಳು ಕೂತಿದ್ದಾಳೆ ಕಣಮ್ಮಾ," ಎಂದ ಕಟುಕ.

ನೂರ ನಲವತ್ತು ಮೀಟರ್. ಹೃದಯ ಪಾಪ, ಅದರ ತಪ್ಪೇನೂ ಇರಲಿಲ್ಲ. ಡಾಕ್ಟರು ಒಂದು ವಾರದ ಗಡುವು ಕೊಟ್ಟರು.

ಎರಡನೆಯ ಸಲ ಉಬಾಲ್ದಿನಾ ಹಲ್ಲು ಕಚ್ಚಿ, ಗೋಡೆ ಗಡಿಯಾರದ ಮೇಲೆ ಕಣ್ಣು ನೆಟ್ಟು ಹೊರಟಳು. "ಉಬಾಲ್ದಿನಮ್ಮಾ, ಏನ್ ಸಮಾಚಾರ?" ಎಂದವರಿಗೆ ಉತ್ತರವಿಲ್ಲ. ನಿಕೊಲಾಸಾ ಬೆಂಚಿನಿಂದ ಕೈ ಚಾಚಿದಳು. ಆ ಕೈಯನ್ನೂ ದಾಟಿದಳು. ಮುನ್ನೂರ ಮೂವತ್ತು ಮೀಟರ್. ಹಿಮೇನಾ ಚಪ್ಪಾಳೆ ತಟ್ಟಿದಳು. ಓಣಿಯಲ್ಲಿ ಬೇರೆ ಯಾರೂ ತಟ್ಟಲಿಲ್ಲ. ಉಬಾಲ್ದಿನಾ ಅದನ್ನು ಗಮನಿಸದೆ, ಗಾಡಿ ತಳ್ಳಬಹುದೆಂಬ ಡಾಕ್ಟರ ಚೀಟಿ ಎದೆಗವಚಿಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಆರಕ್ಕೇ ಎಣ್ಣೆ ಕಾಯಿಸಿದಳು. ಎಂಟಾದರೂ ಗಾಡಿಯ ಹತ್ತಿರ ಒಂದು ನಾಯಿ ಬಿಟ್ಟರೆ ಯಾರೂ ಸುಳಿಯಲಿಲ್ಲ. ಕಟುಕ ಆಚೆ ಬದಿಯಿಂದ ಹೋಗುತ್ತಾ, "ಮೀಟರಮ್ಮ ಅಂಗಡಿ ಹಾಕಿದ್ದಾರೆ," ಎಂದು ಗಾಳಿಗೆ ಹೇಳಿದ. ಆಗ ಅವಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಒಲೆ ಆರಿಸಿ, ಗಾಡಿಯನ್ನು ನೇರ ನಿಕೊಲಾಸಾಳ ಬಾಗಿಲಿಗೇ ತಳ್ಳಿಕೊಂಡು ಹೋದಳು.

ನಿಕೊಲಾಸಾ ಕಿಟಕಿಯ ಸಂದಿಯಿಂದಲೇ ಮಾತಾಡಿದಳು. "ಹನ್ನೊಂದು ಸಲ ನನ್ನ ಮುಂದೆ ಹೋದೆ. ನಾನು ಎಣಿಸ್ದೆ. ನಾನ್ಯಾಕೆ ಅಲ್ಲಿ ಕೂತಿದ್ದೆ ಗೊತ್ತಾ? ನಮ್ಮಮ್ಮನ್ನ ನಿನ್ನೆ ಬೆಳಿಗ್ಗೆ ತಾನೇ ಆಸ್ಪತ್ರೆಗೆ ಸೇರ್ಸಿದ್ರು."

ಉಬಾಲ್ದಿನಾಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಊರಿನ ಎಲ್ಲ ತಾಯಂದಿರ ಬಗ್ಗೆ ಕೇಳಿದವಳು, ಕೇಳಲೇಬೇಕಾದ ದಿನವೇ ಕೇಳಿರಲಿಲ್ಲ.

"ಈಗ ಹೇಗಿದ್ದಾರೆ, ಹೇಳೇ."

"ಉಸಿರಿದೆ. ನಿನಗ್ಯಾಕೆ? ಚೀಟಿ ಸಿಕ್ತಲ್ಲ, ತಳ್ಳು ಹೋಗು."

"ಎಲ್ಲಿಗೆ ಬೇಕಾದ್ರೂ ತಳ್ತೀನಿ ಕಣೇ. ನಿನ್ನ ಬಾಗಿಲು ದಾಟಿ ಮುಂದೆ ತಳ್ಳೋ ಶಕ್ತಿ ನನಗಿಲ್ಲ."

ನಿಕೊಲಾಸಾ ಕಿಟಕಿ ಮುಚ್ಚಿದಳು. ಆಮೇಲೆ ಬಾಗಿಲ ಚಿಲಕ ತೆಗೆದಳು.