ಕೂಸಿಗೆ ಎರೆಯುವ ಆಯಿ

ಕಳೆದ ವಾರ ಕೆಲಸದ ಮೇಲೆ ಅಬ್ಬಿಗೇರಿಯ ಒಂದು ಮನೆಗೆ ಹೋಗಿದ್ದೆ. ಒಳಗೆ ಬಾಣಂತಿ ಇದ್ದಳು. ಲೋಬಾನದ ಹೊಗೆ ಪಡಸಾಲೆಯವರೆಗೂ ಬಂದಿತ್ತು. ಬೇರೆಯವರಿಗೆ ಅದು ಸುವಾಸನೆ. ನನಗೆ ಏಳು ವರ್ಷದ ಹಿಂದಿನ ಸಿಟ್ಟು ಮತ್ತೆ ನೆತ್ತಿಗೇರಿತು.

ಗಜೇಂದ್ರಗಡದಲ್ಲಿ ನಮ್ಮ ಎದುರು ಮನೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ಒಬ್ಬ ಅಜ್ಜಿ ಇದ್ದರು. ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ಎರೆದು, ಹೊಗೆ ಹಾಕಿ, ಬಟ್ಟೆ ಸುತ್ತಿ ಮಲಗಿಸುವುದು ಅವರದೇ ಕೆಲಸ. ಯಾರೂ ಕರೆಯಬೇಕಾಗಿರಲಿಲ್ಲ. ನಮ್ಮ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದಳು. ದವಾಖಾನೆಯಿಂದ ಮನೆಗೆ ತಂದಾಗ ಎರಡು ಕಿಲೋ ಕೂಡ ಇರಲಿಲ್ಲ. ಎರೆಯಬೇಡಿ, ಹೊಗೆ ಹಾಕಬೇಡಿ, ಬರಿ ಎದೆಗೆ ಅಪ್ಪಿಕೊಂಡು ಬೆಚ್ಚಗಿಡಿ, ನೋಡಲು ಬರುವವರನ್ನು ದೂರ ಇಡಿ ಎಂದು ವೈದ್ಯರು ಹೇಳಿದ್ದರು. ನಾನೂ ಹೆಂಡತಿಯೂ ಸರದಿಯಂತೆ ಅಪ್ಪಿಕೊಂಡು ಕೂರುತ್ತಿದ್ದೆವು. ಎರಡು ತಾಸಿಗೊಮ್ಮೆ ಚಮಚದಲ್ಲಿ ಹಾಲು.

ಆಯಿಗೆ ಇದಾವುದೂ ಸರಿಬರಲಿಲ್ಲ. ದಿನಾ ಬೆಳಿಗ್ಗೆ ಎಣ್ಣೆಯ ಬಟ್ಟಲು, ಕೆಂಡದ ಬೋಗುಣಿ ಹಿಡಿದು ಹಾಜರು.

“ಏ ತಮ್ಮಾ, ಗಂಡಸಾಗಿ ಮಂಗ್ಯಾ ಮರಿ ಅವಚಿಕೊಂಡಂಗ ಕುಂತೀಯಲ್ಲೋ. ತಾ ಇಲ್ಲಿ, ಎರದು ಹೊಗಿ ಹಾಕತೀನಿ.”

“ಬ್ಯಾಡ್ರಿ ಆಯಿ. ಡಾಕ್ಟರ್ ಹೇಳ್ಯಾರ.”

“ಎಷ್ಟ ಕೂಸಿಗೆ ಎರದಾನ ನಿಮ್ಮ ಡಾಕ್ಟರ್?”

ಹತ್ತು ದಿನ ಇದೇ ಮಾತು. ಹನ್ನೊಂದನೇ ದಿನ ನಾನು ಔಷಧಿ ತರಲು ಹೋಗಿದ್ದೆ, ಹೆಂಡತಿಗೆ ನಿದ್ದೆ ಹತ್ತಿತ್ತು. ಮರಳಿದಾಗ ಹಿಂದಿನ ಕೋಣೆ ತುಂಬ ಹೊಗೆ. ಆಯಿಯ ಕೈಯಲ್ಲಿ ಕೂಸು. ತುಟಿ ನೀಲಿ, ಉಸಿರಿಲ್ಲ. ಕಸಿದುಕೊಂಡು ಹೊರಗೆ ಓಡಿದೆ. ದವಾಖಾನೆಯಲ್ಲಿ ಕಲಿಸಿದಂತೆ ಬೆನ್ನು ತಿಕ್ಕಿ, ಅಂಗಾಲಿಗೆ ಬೆರಳು ಮಿಡಿದೆ. ಎಷ್ಟು ಹೊತ್ತೋ... ಕೊನೆಗೆ ಅತ್ತಳು.

“ಇನ್ನ ನಮ್ಮನಿಗೆ ಬರಬ್ಯಾಡ್ರಿ,” ಎಂದೆ.

ಬರಲಿಲ್ಲ. ಮರುದಿನದಿಂದ ತಮ್ಮ ಕಟ್ಟೆಯ ಮೇಲೆ ಕೂತು ನಮ್ಮ ಬಾಗಿಲು ಕಾಯತೊಡಗಿದರು. ಕೂಸು ನೋಡಲು ಬಂದವರನ್ನೆಲ್ಲ, “ನನ್ನನ್ನ ಬಿಟ್ಟಿಲ್ಲ, ನಿಮ್ಮನ್ನ ಬಿಡತಾರೇನ? ನಡೀರಿ,” ಎಂದು ತಿರುಗಿಸಿ ಕಳಿಸಿದರು. ಅಸೂಟಿಯಿಂದ ಬಸ್ಸು ಹಿಡಿದು ಬಂದ ನನ್ನ ಸೋದರತ್ತೆ ಹಾಗೇ ಮರಳಿ ಹೋದರು. ಕೂಸಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆಯನ್ನೂ ಬಿಡಲಿಲ್ಲ. ಆಕೆಯನ್ನು ನಾನೇ ಓಣಿಯ ತುದಿಯವರೆಗೆ ಬೆನ್ನಟ್ಟಿ ಕರೆತರಬೇಕಾಯಿತು. ತೂಕ ಏರಿತ್ತು.

“ಏರದ ಏನ ಮಾಡತೈತಿ? ಒಂದ ದಿನರೆ ಹೊಗಿ ಹಾಕೀನಲ್ಲ,” ಎಂದು ಕಟ್ಟೆಯಿಂದ ಮಾತು ಬಂತು. ಇಂಥವರಿಗೆ ಏನು ಹೇಳುವುದು?

ಮಗಳು ಈಗ ಎರಡನೆಯ ತರಗತಿ. ಆಯಿ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಸೊಸೆ ಹೇಳಿದಳು: “ನಿಮ್ಮ ಮಗಳನ್ನ ಒಮ್ಮೆರೆ ಎತ್ತಿಕೋಬೇಕಂತಿದ್ರು, ಅಣ್ಣಾರ. ನೀವು ಕರೀಲಿಲ್ಲ.”

ಓಣಿಗೆಲ್ಲ ಬುದ್ಧಿ ಹೇಳುತ್ತಿದ್ದವರು ನನ್ನನ್ನು ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತೇ? ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ... ಹೇಳಲಾರೆ. ಮಗಳಿಗೆ ಅವರು ಎದುರು ಮನೆಯಲ್ಲಿದ್ದ ಒಬ್ಬ ಮುದುಕಿ. ಅಷ್ಟೇ ನೆನಪು.